ಎಲೆಗೆ ಲೈಸೆನ್ಸು, ಹೂವಿಗೆ ಜೈಲು

ಬೆಂಗಳೂರಿನ ಕಂಟೋನ್ಮೆಂಟಿಗೆ ‘ದಂಡು’ ಎನ್ನುವ ಹಳೆಯ ಕನ್ನಡ ಹೆಸರು ಇನ್ನೂ ಅಷ್ಟಿಷ್ಟು ಉಳಿದಿದೆ. ಬನಾರಸಿನಲ್ಲಿ ಅದು ಬರೀ ‘ಕೈಂಟ್’. ವಾರಾಣಸಿ ಜಂಕ್ಷನ್ ಅಂದರೆ ಆಟೋದವರು ಒಂದು ಕ್ಷಣ ಯೋಚಿಸುತ್ತಾರೆ, ಕೈಂಟ್ ಸ್ಟೇಷನ್ ಅಂದರೆ ತಕ್ಷಣ ಗಾಡಿ ತಿರುಗಿಸುತ್ತಾರೆ. ಹಳಿಗಳ ಒಂದು ಬದಿಗೆ ಗದ್ದಲದ ಊರು. ಇನ್ನೊಂದು ಬದಿಗೆ ಮಾಲ್ ರಸ್ತೆ, ಹಳೆಯ ಬಂಗಲೆಗಳು, 39 ಗೂರ್ಖಾ ತರಬೇತಿ ಕೇಂದ್ರ, ಸೇಂಟ್ ಮೇರಿ ಚರ್ಚು, ನಮ್ಮಂಥವರು ಇಳಿದುಕೊಳ್ಳುವ ಹೋಟೆಲುಗಳು. ಒಂದು ಪ್ರಾಜೆಕ್ಟಿನ ಕೊನೆಯ ಹಂತಕ್ಕೆ ಅಲ್ಲಿ ಮೂರು ತಿಂಗಳು ಕೂರಬೇಕಾಯಿತು. ಜೊತೆಗೆ ಐದು ಜನರ ತಂಡ. ಅದರಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬ, ಕಾಲೇಜು ಮುಗಿಸಿ ಎರಡು ವರ್ಷವೂ ಆಗಿರಲಿಲ್ಲ.

ಶಿವರಾತ್ರಿಗೆ ಇನ್ನೂ ಒಂದು ವಾರವಿತ್ತು. ರಾತ್ರಿ ಚಹಾ ಕುಡಿಯುತ್ತಾ ನಿಂತಾಗ ಆ ಹುಡುಗ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ಚಳಿ ದೇಶದ ಗಡ್ಡದ ಮನುಷ್ಯ ತನ್ನ ಹಿತ್ತಲಲ್ಲಿ ಉದ್ದನೆಯ ಗುಂಡಿ ತೋಡಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಒಳಗೆ ಗಾಂಜಾ ಗಿಡ ಬೆಳೆಸಿದ್ದಾನೆ. ನೆಲದ ಬಿಸಿಯಲ್ಲೇ ಗಿಡ ಬದುಕುತ್ತದೆ, ಹೊರಗೆ ಹಿಮ ಬಿದ್ದರೂ ಚಿಂತೆಯಿಲ್ಲ ಅಂತ ಹೆಮ್ಮೆಯಿಂದ ವಿವರಿಸುತ್ತಿದ್ದ.

“ಸರ್, ನಮ್ಮ ಕಡೆ ಹಿಂಗ ತೆಗ್ಗು ತೋಡಿದ್ರ ಏನಾಗ್ತೈತ್ರಿ?”

“ಹತ್ತು ವರ್ಷ ಆಗ್ತದೆ,” ಅಂದೆ.

ಅವನು ನಕ್ಕ. ಆಮೇಲೆ ರಸ್ತೆಯಾಚೆ ಕೈ ತೋರಿಸಿ, “ಮತ್ತ ಅದೇನ್ರಿ?” ಅಂದ. ಅಲ್ಲಿ ಹಳದಿ ಬೋರ್ಡಿನ ಮೇಲೆ ಹಿಂದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಸರ್ಕಾರಿ ಭಾಂಗ್ ಅಂಗಡಿ. ಒಳಗೆ ಒಬ್ಬ ಮುದುಕ ಹಸಿರು ಮುದ್ದೆಯನ್ನು ಸಣ್ಣ ಉಂಡೆ ಮಾಡಿ ಸಾಲಾಗಿ ಜೋಡಿಸುತ್ತಿದ್ದ. ಗಿರಾಕಿಗಳು ಬಂದು ನೋಟು ಕೊಟ್ಟು, ಉಂಡೆ ಬಾಯಿಗೆ ಹಾಕಿ, ನೀರು ಕುಡಿದು ಹೋಗುತ್ತಿದ್ದರು. ಇನ್ನೂ ವಿಚಿತ್ರವೆಂದರೆ, ನಾವು ಒರಗಿ ನಿಂತಿದ್ದ ಗೋಡೆಯ ಬುಡದಲ್ಲೇ ಅದೇ ಗಿಡ ಮೊಣಕಾಲೆತ್ತರ ಎದ್ದಿತ್ತು. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಗುಂಡಿ ಯಾಕೆ, ಹಾಳೆ ಯಾಕೆ?

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಆವತ್ತು ನನ್ನಿಂದಾಗಲಿಲ್ಲ. ವಾರಾಂತ್ಯಗಳಲ್ಲಿ ಕೂತು ಓದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಗಿಡದ ಎಲೆಗೆ ಸರ್ಕಾರ ಲೈಸೆನ್ಸು ಕೊಡುತ್ತದೆ, ಹೂವಿಗೆ ಜೈಲು ಕೊಡುತ್ತದೆ. ಈ ಗೆರೆ ಎಳೆದವರು ಋಷಿಗಳೂ ಅಲ್ಲ, ವೈದ್ಯರೂ ಅಲ್ಲ. ಬಹುಪಾಲು ಅಬಕಾರಿ ಇಲಾಖೆಯ ಗುಮಾಸ್ತರು.

ಮೊದಲು ಹೆಸರುಗಳು. ನಮ್ಮ ಕನ್ನಡದ ‘ಭಂಗಿ’ ಇಡೀ ಗಿಡಕ್ಕೂ ಸಲ್ಲುವ ಮಾತು. ಭಂಗಿ ಸೊಪ್ಪು ಅಂದರೂ ಆದೀತು, ಭಂಗಿ ಸೇದುವುದು ಅಂದರೂ ಆದೀತು. ಉತ್ತರದವರು ಮೂರು ಭಾಗ ಮಾಡುತ್ತಾರೆ. ಅರೆದು ಕುಡಿಯುವ, ಉಂಡೆ ಮಾಡಿ ನುಂಗುವ ಎಲೆ ಭಾಂಗ್. ಹೆಣ್ಣು ಗಿಡದ ತುದಿಯ ಹೂಗೊಂಚಲು ಗಾಂಜಾ. ಅಂಟು ಚರಸ್. ಮತ್ತು ಬರುವ ವಸ್ತು ಎಲೆಯಲ್ಲಿ ಕಡಿಮೆ, ಹೂವಿನಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ಈ ಏರಿಕೆ ನಿಜವೇ. ಆದರೆ ಕಾನೂನಿನ ಗೆರೆ ಬಿದ್ದದ್ದು ಅದೊಂದರಿಂದಲ್ಲ.

ಬ್ರಿಟಿಷರಿಗೆ ಈ ಗಿಡ ಮೊದಲು ಕಂಡದ್ದು ಔಷಧಿಯಾಗಿ. 1839ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ವಿಲಿಯಂ ಬ್ರೂಕ್ ಓ’ಶಾನೆಸಿ ಎಂಬ ಐರಿಷ್ ವೈದ್ಯ ಗಾಂಜಾವನ್ನು ಪ್ರಾಣಿಗಳ ಮೇಲೆ, ಆಮೇಲೆ ಸಂಧಿವಾತ, ಕಾಲರಾ, ಧನುರ್ವಾಯು ರೋಗಿಗಳ ಮೇಲೆ ಪ್ರಯೋಗಿಸಿ ಪ್ರಬಂಧ ಓದಿದ. ಯುರೋಪಿನ ಔಷಧದಂಗಡಿಗಳಿಗೆ ಇದು ಹೋದದ್ದು ಅವನ ಮೂಲಕ. ನಮ್ಮ ವೃತ್ತಿಯವರಿಗೆ ಖುಷಿ ಕೊಡುವ ವಿಷಯವೆಂದರೆ, ಭಾರತಕ್ಕೆ ಟೆಲಿಗ್ರಾಫ್ ತಂತಿ ಎಳೆದವನೂ ಇದೇ ಓ’ಶಾನೆಸಿ. 1854ರಲ್ಲಿ ಕಲ್ಕತ್ತಾದಿಂದ ಆಗ್ರಾ ಮುಟ್ಟಿದ ಅವನ ತಂತಿ ಬನಾರಸಿನ ಮೂಲಕವೇ ಹಾದುಹೋಗಿತ್ತು. ಈ ದೇಶದ ಮೊದಲ ನೆಟ್‌ವರ್ಕ್ ಪ್ರಾಜೆಕ್ಟ್ ಮ್ಯಾನೇಜರ್ ಅವನೇ ಎಂದು ನಾನು ತಂಡಕ್ಕೆ ಹೇಳಿದಾಗ, ಅವನ ಡೆಡ್‌ಲೈನ್ ಹೇಗೆ ಮುಟ್ಟುತ್ತಿದ್ದ ಅಂತ ಈಗ ಗೊತ್ತಾಯಿತು ಬಿಡಿ ಸರ್, ಎಂದರು.

ಆದರೆ ಸರ್ಕಾರಕ್ಕೆ ಬೇಕಾಗಿದ್ದದ್ದು ತೆರಿಗೆ. ತೆರಿಗೆ ಹಾಕಬೇಕಾದರೆ ತೂಗಬೇಕು, ತೂಗಬೇಕಾದರೆ ಒಂದು ಕಡೆ ಕೂಡಿಹಾಕಬೇಕು. ಬಂಗಾಳದ ರಾಜಶಾಹಿ ಜಿಲ್ಲೆಯ ನವಗಾಂವ್ ಸುತ್ತಮುತ್ತ, ಈಗಿನ ಬಾಂಗ್ಲಾದೇಶದಲ್ಲಿ, ಅದಕ್ಕೊಂದು ‘ಗಾಂಜಾ ಮಹಲ್’ ಇತ್ತು. ಗೊತ್ತುಪಡಿಸಿದ ಹಳ್ಳಿಗಳಲ್ಲಿ ಮಾತ್ರ, ಲೈಸೆನ್ಸು ಇದ್ದ ರೈತ ಮಾತ್ರ ಬೆಳೆಯಬೇಕು. ಬೆಳೆದದ್ದೆಲ್ಲ ಸರ್ಕಾರದ ಗೋದಾಮಿಗೆ ಬರಬೇಕು. 1877ರಲ್ಲಿ ಹೇಮಚಂದ್ರ ಕರ್ ಎಂಬ ಅಧಿಕಾರಿ ಈ ಬೆಳೆಯ ಬಗ್ಗೆ ದೀರ್ಘ ವರದಿಯನ್ನೇ ಬರೆದರು, 1893ರಲ್ಲಿ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್ ಇನ್ನೊಂದು ಬರೆದ. ಅವುಗಳಲ್ಲಿ ನನಗೆ ಹಿಡಿಸಿದ ಪಾತ್ರ ‘ಗಾಂಜಾ ಡಾಕ್ಟರ್’. ಊರವರು ಅವನನ್ನು ಪರಖ್‌ದಾರ್ ಎನ್ನುತ್ತಿದ್ದರು. ಗಂಡು ಗಿಡ ಹೊಲದಲ್ಲಿ ಉಳಿದರೆ ಹೆಣ್ಣು ಗಿಡ ಬೀಜ ಕಟ್ಟಿ ಗಾಂಜಾ ಕೆಡುತ್ತದೆ. ಹಾಗಾಗಿ ಹೂ ಬಿಡುವ ಮೊದಲೇ ಗಂಡನ್ನು ಗುರುತಿಸಿ ಕೀಳಿಸಲು ಈ ಮನುಷ್ಯನನ್ನು ಕೂಲಿ ಕೊಟ್ಟು ಕರೆಸುತ್ತಿದ್ದರು. ಬಟಾಬಯಲಿನಲ್ಲಿ, ಹಗಲು ಹೊತ್ತಿನಲ್ಲಿ, ಸರ್ಕಾರದ ಕಾವಲಿನಲ್ಲಿ ನಡೆಯುತ್ತಿದ್ದ ಕೃಷಿ ಅದು. ನವಗಾಂವ್‌ನ ಬೆಳೆಗಾರರು 1917ರಲ್ಲಿ ಸಹಕಾರ ಸಂಘವನ್ನೂ ಕಟ್ಟಿಕೊಂಡರು. ನಮ್ಮಲ್ಲಿ ಅಡಿಕೆ ಬೆಳೆಗಾರರ ಸಂಘ ಇದ್ದ ಹಾಗೆ.

ಹೂವನ್ನು ಹೀಗೆ ಗೋದಾಮಿಗೆ ತರಬಹುದಿತ್ತು. ಎಲೆಯನ್ನು ಹೇಗೆ ತರುವುದು? ಹಿಮಾಲಯದ ತಪ್ಪಲಿನುದ್ದಕ್ಕೂ, ತರಾಯಿಯ ಕಾಡಂಚಿನಲ್ಲಿ, ಊರಿನ ತಿಪ್ಪೆಯ ಮೇಲೆ, ಅದು ತಾನೇ ಹುಟ್ಟುತ್ತಿತ್ತು. ಗಿಡಕ್ಕೊಬ್ಬ ಪೊಲೀಸನನ್ನು ನಿಲ್ಲಿಸಲು ಆಗುತ್ತದೆಯೇ? ಎಲೆಯ ಮೇಲೆ ಸರ್ಕಾರದ ಹಿಡಿತ ಸಡಿಲವಾದದ್ದು ದಯೆಯಿಂದಲ್ಲ, ಲೆಕ್ಕಕ್ಕೆ ಸಿಗದ ಕಾರಣಕ್ಕೆ.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಮದ್ಯವಿರೋಧಿ ಚಳವಳಿಯ ಕಾವೇರಿತ್ತು. ಭಾರತದ ಹುಚ್ಚಾಸ್ಪತ್ರೆಗಳೆಲ್ಲ ಗಾಂಜಾ ಸೇದಿದವರಿಂದಲೇ ತುಂಬಿವೆ ಎಂಬ ಮಾತು ಅಲ್ಲಿ ಹರಡಿತ್ತು. 1893ರ ಮಾರ್ಚ್‌ನಲ್ಲಿ ಡಬ್ಲ್ಯು.ಎಸ್. ಕೇನ್ ಎಂಬ ಸದಸ್ಯ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎತ್ತಿದ. ಅದೇ ವರ್ಷ ಜುಲೈನಲ್ಲಿ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಯಿತು. ಏಳು ಸದಸ್ಯರು, ಅವರಲ್ಲಿ ಮೂವರು ಭಾರತೀಯರು. ಒಂದು ವರ್ಷದಲ್ಲಿ 1,193 ಸಾಕ್ಷಿಗಳ ಹೇಳಿಕೆ ಪಡೆದು, ಏಳು ಸಂಪುಟಗಳ ವರದಿ ಕೊಟ್ಟರು. ಮೂರು ತಿಂಗಳ ಪ್ರಾಜೆಕ್ಟನ್ನು ಒಂದು ವರ್ಷಕ್ಕೆ ಎಳೆದ ಅನುಭವವಿರುವ ನನಗೆ ಈ ಸಂಖ್ಯೆ ನೋಡಿ ಸ್ವಲ್ಪ ನಾಚಿಕೆಯೇ ಆಯಿತು.

ಆಯೋಗ ಮಾಡಿದ ಒಂದು ಕೆಲಸ ಇವತ್ತಿಗೂ ಮಾದರಿ. ಹುಚ್ಚಾಸ್ಪತ್ರೆಯ ಅಂಕಿಅಂಶ ನಂಬದೆ, ಮೂಲ ಕಡತಗಳನ್ನೇ ತೆಗೆಸಿ ನೋಡಿದರು. ರೋಗಿಯನ್ನು ಕರೆತಂದ ಪೊಲೀಸರು ಕಾಯಿಲೆಗೆ ‘ಕಾರಣ’ ಎಂಬ ಜಾಗದಲ್ಲಿ ಏನಾದರೂ ತುಂಬಬೇಕಿತ್ತು. ಗೊತ್ತಿಲ್ಲ ಎಂದು ಬರೆಯುವ ಬದಲು ಗಾಂಜಾ ಎಂದು ಬರೆಯುತ್ತಿದ್ದರು. ಕಡ್ಡಾಯವಾದ ಕಾಲಂ ಇದ್ದರೆ ಜನ ಕೈಗೆ ಸಿಕ್ಕಿದ್ದನ್ನು ತುಂಬುತ್ತಾರೆ. ಡೇಟಾಬೇಸಿನ ಜೊತೆ ಇಪ್ಪತ್ತು ವರ್ಷ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿತವಾದ ಬಳಕೆಯಿಂದ ಹೇಳಿಕೊಳ್ಳುವ ಕೇಡಿಲ್ಲ, ಅತಿ ಬಳಕೆ ಕೆಟ್ಟದ್ದು, ಪೂರ್ತಿ ನಿಷೇಧ ಬೇಡ, ಲೈಸೆನ್ಸು ಮತ್ತು ತೆರಿಗೆಯಿಂದಲೇ ಹಿಡಿತದಲ್ಲಿಡಿ ಎಂದು 1894ರಲ್ಲಿ ಆಯೋಗ ಹೇಳಿತು. ಕಾಡುಗಿಡವನ್ನು ಬೇರುಸಹಿತ ತೆಗೆಯುವುದು ಅಸಾಧ್ಯ ಎಂಬುದನ್ನೂ ಒಪ್ಪಿಕೊಂಡಿತು.

ವರದಿಯ ಅನುಬಂಧಗಳಲ್ಲಿ ಎರಡು ಟಿಪ್ಪಣಿಗಳಿವೆ. ಒಂದು, ಭಾರತದ ಭಾಷಾ ಸಮೀಕ್ಷೆಯಿಂದ ನಮಗೆಲ್ಲ ಪರಿಚಿತನಾದ ಗ್ರಿಯರ್ಸನ್ ಸಂಸ್ಕೃತ ಮತ್ತು ಹಿಂದಿ ಸಾಹಿತ್ಯದಲ್ಲಿ ಈ ಗಿಡದ ಉಲ್ಲೇಖಗಳನ್ನು ಹುಡುಕಿ ಬರೆದದ್ದು. ಇನ್ನೊಂದು, ಮುಂಬಯಿಯ ಸುಂಕದ ಕಲೆಕ್ಟರ್ ಜೆ.ಎಂ. ಕ್ಯಾಂಪ್‌ಬೆಲ್ ಭಂಗಿಯ ಧಾರ್ಮಿಕ ಬಳಕೆ ಕುರಿತು ಬರೆದದ್ದು. ಬನಾರಸಿನಲ್ಲಿ ಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಪಾಠಕ್ಕೆ ಕೂರುವ ಮೊದಲು ಭಂಗಿ ಕೊಡುತ್ತಾರೆ ಎಂದು ಅವನು ದಾಖಲಿಸಿದ್ದಾನೆ. ಸುಂಕ ವಸೂಲಿ ಮಾಡುವವನ ಕೈಯಲ್ಲಿ ಇಂಥ ಭಕ್ತಿಯ ಬರಹ! ನಮ್ಮ ಜಂಗಮವಾಡಿ ಮಠದ ಪಾಠಶಾಲೆಯಲ್ಲಿ ಆ ಪದ್ಧತಿ ಇತ್ತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಲ್ಲಿ ಕನ್ನಡ ಮಾತಾಡಿ, ಅನ್ನ ಸಾರು ಉಂಡು ಬಂದೆ ಅಷ್ಟೇ.

ಆಯೋಗ ದಂಡನ್ನೂ ಬಿಡಲಿಲ್ಲ. ದೇಶೀ ಪಡೆಗಳ ಅಧಿಕಾರಿಗಳಿಗೆ ಕೆಲವು ಪ್ರಶ್ನೆ ಕಳಿಸಿ, ಬಂದ ಉತ್ತರಗಳನ್ನು 1895ರಲ್ಲಿ ಪ್ರತ್ಯೇಕ ಪೂರಕ ಸಂಪುಟವಾಗಿ ಅಚ್ಚು ಹಾಕಿಸಿದರು. ನಾನು ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದ ಮಾಲ್ ರಸ್ತೆಯಂಥ ರಸ್ತೆಗಳಲ್ಲಿ ಕವಾಯತು ಮಾಡುತ್ತಿದ್ದ ಸಿಪಾಯಿಗಳು ಸಂಜೆ ಏನು ಕುಡಿಯುತ್ತಾರೆ, ಅದರಿಂದ ಶಿಸ್ತು ಕೆಡುತ್ತದೆಯೇ ಎಂಬುದೂ ಸಾಮ್ರಾಜ್ಯದ ಚಿಂತೆಯಾಗಿತ್ತು.

ಇಲ್ಲಿಂದ ಕಥೆ ನಮ್ಮ ಕೈ ಮೀರಿ ಜಿನೀವಾಕ್ಕೆ, ನ್ಯೂಯಾರ್ಕಿಗೆ ಹೋಗುತ್ತದೆ. 1925ರ ಜಿನೀವಾ ಅಫೀಮು ಒಪ್ಪಂದದೊಳಗೆ ಈ ಗಿಡವನ್ನೂ ಸೇರಿಸಬೇಕೆಂದು ಪಟ್ಟು ಹಿಡಿದದ್ದು ಈಜಿಪ್ಟ್. ಅಲ್ಲಿ ‘ಇಂಡಿಯನ್ ಹೆಂಪ್’ ಎಂಬುದರ ವ್ಯಾಖ್ಯೆ ಹೆಣ್ಣು ಗಿಡದ ಒಣಗಿದ ಹೂ ಅಥವಾ ಕಾಯಿ ಬಿಟ್ಟ ತುದಿ ಎಂದಾಯಿತು. 1961ರ ಮಾರ್ಚ್ 30ರಂದು ನ್ಯೂಯಾರ್ಕಿನಲ್ಲಿ ಅಂಗೀಕಾರವಾದ ಏಕ ಒಪ್ಪಂದ ಇನ್ನಷ್ಟು ಬಿಗಿಯಾಯಿತು. ಆದರೆ ಭಂಗಿ ಸೌಮ್ಯವಾದದ್ದು ಎಂದು ಭಾರತದ ನಿಯೋಗ ವಾದಿಸಿತ್ತು. ಕೊನೆಗೆ ವ್ಯಾಖ್ಯೆಯಲ್ಲಿ ಒಂದು ಆವರಣ ಸೇರಿತು: ಹೂತುದಿ ಜೊತೆಗಿಲ್ಲದ ಎಲೆ ಮತ್ತು ಬೀಜಗಳನ್ನು ಬಿಟ್ಟು. ಹಳೆಯ ಬಳಕೆ ನಿಲ್ಲಿಸಲು ದೇಶಗಳಿಗೆ 25 ವರ್ಷದ ಗಡುವೂ ಸಿಕ್ಕಿತು.

ಆ ಗಡುವಿನ ಕೊನೆಗೆ, 1985ರಲ್ಲಿ, ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂತು. ಆಗಸ್ಟ್ ಕೊನೆಗೆ ಮಸೂದೆ ಮಂಡನೆ, ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಗಳ ಅಂಕಿತ, ನವೆಂಬರ್ 14ರಿಂದ ಜಾರಿ. ಒಂದು ವರ್ಷ ಊರೂರು ಸುತ್ತಿ 1,193 ಜನರನ್ನು ಕೇಳಿ ವಸಾಹತು ಸರ್ಕಾರ ಬೇಡವೆಂದದ್ದನ್ನು ಸ್ವತಂತ್ರ ಭಾರತ ಒಂದು ತಿಂಗಳೊಳಗೆ ಬೇಕೆಂದಿತು. ವ್ಯಾಖ್ಯೆಯಲ್ಲಿ ಆ ಆವರಣ ಹಾಗೆಯೇ ಇದೆ, ಪದಕ್ಕೆ ಪದ. ಹಳೆಯ ಸಿಸ್ಟಂನಿಂದ ಕೋಡ್ ಎತ್ತಿ ಹೊಸದಕ್ಕೆ ಅಂಟಿಸುವಾಗ ಜೊತೆಗೆ ಬರುವ ಷರತ್ತಿನ ಹಾಗೆ.

ಪರಿಣಾಮ ಏನಾಯಿತು ನೋಡಿ. ಹೂವಿಲ್ಲದ ಎಲೆ ಈ ಕಾಯ್ದೆಯ ಹೊರಗೆ. ಅದು ರಾಜ್ಯಗಳ ಅಬಕಾರಿ ಕಾನೂನಿಗೆ ಬಿಟ್ಟ ವಿಷಯ. ಉತ್ತರ ಪ್ರದೇಶದಲ್ಲಿ 1910ರ ಅಬಕಾರಿ ಕಾಯ್ದೆಯಡಿ ಭಂಗಿ ಅಂಗಡಿಗಳಿಗೆ ಲೈಸೆನ್ಸು ಸಿಗುತ್ತದೆ. ಈಚೆಗೆ ಹೆಂಡದಂಗಡಿಗಳ ಜೊತೆ ಇವುಗಳ ಹಂಚಿಕೆಯೂ ಇ-ಲಾಟರಿಯಲ್ಲಿ ನಡೆಯುತ್ತದೆ. ಆದರೆ ವಿಶೇಷ ಅನುಮತಿಯಿಲ್ಲದೆ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಅಂದರೆ ಎಲೆ ಮಾರಬಹುದು, ಗಿಡ ಬೆಳೆಯುವ ಹಾಗಿಲ್ಲ. ಅಂಗಡಿಯ ಮುದುಕನ ಉಂಡೆ ಯಾರೂ ಬಿತ್ತದ ಗಿಡದಿಂದಲೇ ಬಂದಿರಬೇಕು! 1890ರ ದಶಕದಲ್ಲಿ ಲೆಕ್ಕಕ್ಕೆ ಸಿಗದಿದ್ದ ಆ ಕಾಡುಗಿಡವೇ ಇವತ್ತು ಕಾನೂನಿನ ಕಣ್ಣಲ್ಲಿ ಶುದ್ಧ.

ಹಾಗಾದರೆ ಗುಂಡಿ? ನೆಲ ಅಗೆದು ಗಿಡ ಕಾಯುವ ವಿದ್ಯೆ ಹಳೆಯದು, ಈ ಗಿಡದ್ದಲ್ಲ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ಕುದುರೆ ಲದ್ದಿಯ ಕಾವಿನ ಗುಂಡಿಗಳಲ್ಲಿ ಅನಾನಸು ಬೆಳೆಸುತ್ತಿದ್ದರು. ಬೊಲಿವಿಯಾದಲ್ಲಿ ಇಂಥ ತಗ್ಗಿನ ಹಸಿರುಮನೆಗೆ ‘ವಾಲಿಪಿನಿ’ ಎನ್ನುತ್ತಾರೆ, ಐಮಾರಾ ಭಾಷೆಯಲ್ಲಿ ಬೆಚ್ಚನೆಯ ಜಾಗ ಎಂದರ್ಥ. ನಮ್ಮ ದೇಶದಲ್ಲಿ ಇದು ನಿಜವಾಗಿ ಉಪಯೋಗಕ್ಕೆ ಬಂದದ್ದು ಲಡಾಖಿನಲ್ಲಿ. ಲೇಹ್‌ನ ರಕ್ಷಣಾ ಸಂಶೋಧನಾಲಯ ಪ್ರಚಾರ ಮಾಡಿದ ‘ಟ್ರೆಂಚ್’ ಹಸಿರುಮನೆ ಸುಮಾರು ಮೂರಡಿ ಆಳದ್ದು, ಮೇಲೆ ಪ್ಲಾಸ್ಟಿಕ್ ಹಾಳೆ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಿದ್ದರೂ ಒಳಗೆ ಪಾಲಕ್, ಮೆಂತ್ಯ, ಕೊತ್ತಂಬರಿ ಬೆಳೆಯುತ್ತವೆ. ಸೈನಿಕರಿಗೂ ಊರವರಿಗೂ ಚಳಿಗಾಲದಲ್ಲಿ ಹಸಿರು ಸೊಪ್ಪು ಸಿಕ್ಕಿದ್ದು ಹಾಗೆ. ಇದೇ ಲೇಹ್ ಒಂದು ಕಾಲಕ್ಕೆ ಚರಸ್ಸಿನ ಹೆದ್ದಾರಿ. ಯಾರ್ಕಂದಿನಿಂದ ಕಾರಾಕೋರಂ ದಾಟಿ ಬಂದ ಮೂಟೆಗಳು ಲೇಹ್ ಮೂಲಕ ಪಂಜಾಬಿನ ಸರ್ಕಾರಿ ಗೋದಾಮುಗಳಿಗೆ ಇಳಿದು, ತೆರಿಗೆ ಕಟ್ಟಿ ಊರೂರಿಗೆ ಹೋಗುತ್ತಿದ್ದವು. 1930ರ ದಶಕದ ನಡುವೆ ಚೀನೀ ತುರ್ಕಿಸ್ತಾನದ ಕಡೆಯಿಂದಲೇ ಆ ವ್ಯಾಪಾರ ನಿಂತಿತು.

ಈ ಗಿಡವನ್ನು ಗುಂಡಿಗೆ ಇಳಿಸಿದ್ದು ಚಳಿ ಒಂದೇ ಅಲ್ಲ, ಕಣ್ಣು ಕೂಡ. ಕ್ಯಾಲಿಫೋರ್ನಿಯಾದಲ್ಲಿ 1983ರಿಂದ ಹೆಲಿಕಾಪ್ಟರ್ ಹಾರಿಸಿ ಹೊಲ ಹುಡುಕತೊಡಗಿದ ಮೇಲೆ ಬೆಳೆಗಾರರು ಮರದ ನೆರಳಿಗೆ, ಮನೆಯೊಳಕ್ಕೆ, ನೆಲದೊಳಕ್ಕೆ ಸರಿದರು. ನಮ್ಮಲ್ಲಿ ಚಳಿಯೂ ಇಲ್ಲ, ಹೆಲಿಕಾಪ್ಟರೂ ಅಪರೂಪ. ತೊಗರಿ, ಹತ್ತಿ, ಮೆಣಸಿನ ಸಾಲುಗಳ ನಡುವೆ ಅಡಗಿಸಿ ಬೆಳೆಯುತ್ತಾರೆ, ಸಿಕ್ಕಿಬೀಳುತ್ತಾರೆ. ಕರ್ನಾಟಕದ ಸುದ್ದಿಯಲ್ಲಿ ನಾನು ಕಂಡ ದೊಡ್ಡ ಗುಂಡಿ ಬೆಳೆಯದ್ದಲ್ಲ, ಬಚ್ಚಿಟ್ಟದ್ದರದ್ದು. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಕಲಬುರಗಿ ಜಿಲ್ಲೆಯ ಒಂದು ಕುರಿ ಫಾರಂಗೆ ಹೋಗಿ, ನೆಲದಡಿಯ ಗುಂಡಿಯಿಂದ 1,300 ಕೆ.ಜಿ.ಗೂ ಹೆಚ್ಚು ಗಾಂಜಾ ಎತ್ತಿದರು.

ಅದೇ ದಿನಗಳಲ್ಲಿ ಪಕ್ಕದ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಬಗ್ಗೆಯೂ ಪತ್ರಿಕೆಗಳು ಬರೆದವು. ಅಲ್ಲಿನ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಿಗುತ್ತದೆ. ಶರಣ, ಆರೂಢ, ಅವಧೂತ ಪರಂಪರೆಗಳ ಕೆಲವರು ಅದನ್ನು ಧ್ಯಾನದ ದಾರಿ ಎಂದು ನಂಬುತ್ತಾರೆ. ಬನಾರಸಿನಲ್ಲಿ ಎಲೆಯನ್ನು ದೇವರಿಗೆ ಕೊಟ್ಟು ಹೂವನ್ನು ಬಿಟ್ಟುಕೊಟ್ಟರು. ನಮ್ಮ ಉತ್ತರ ಕರ್ನಾಟಕದ ಸಾಧಕರ ಚಿಲುಮೆಯಲ್ಲಿದ್ದದ್ದು ಹೂವೇ. ಹಾಗಾಗಿ ನ್ಯೂಯಾರ್ಕಿನ ಆವರಣ ಕಾಶಿ ವಿಶ್ವನಾಥನ ಭಕ್ತನನ್ನು ಉಳಿಸಿತು, ಮೌನಪ್ಪನ ಭಕ್ತನನ್ನು ಉಳಿಸಲಿಲ್ಲ.

ಆ ಆವರಣ ಎಲ್ಲರನ್ನೂ ಒಂದೇ ರೀತಿ ಉಳಿಸುವುದಿಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮ ಊರಿನದೇ. 2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು ಬಿಹಾರ ಮೂಲದ ಒಬ್ಬನನ್ನು ಹಿಡಿದರು. ಅವನ ಬಳಿ 29 ಕೆ.ಜಿ. ಭಂಗಿ, 400 ಗ್ರಾಂ ಗಾಂಜಾ ಸಿಕ್ಕಿತ್ತು. ಕಾಯ್ದೆಯ ಪ್ರಕಾರ 20 ಕೆ.ಜಿ. ಗಾಂಜಾ ದಾಟಿದರೆ ವಾಣಿಜ್ಯ ಪ್ರಮಾಣ, ಜಾಮೀನು ಬಲು ಕಷ್ಟ. 29 ಕೆ.ಜಿ. ಭಂಗಿಯನ್ನು ಗಾಂಜಾ ಎಂದು ಲೆಕ್ಕ ಹಾಕಿದರೆ ಅವನ ಬದುಕಿನ ಹತ್ತು ವರ್ಷ ಹೋದಂತೆ. ಭಂಗಿ ಉತ್ತರ ಭಾರತದಲ್ಲಿ ಶಿವರಾತ್ರಿಗೆ, ಲಸ್ಸಿ ಅಂಗಡಿಗಳಲ್ಲಿ ಸಿಗುವ ಪಾನೀಯ ಎಂದು ಅವನ ವಕೀಲರು ವಾದಿಸಿದರು. ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ಗಮನಿಸಿ ಜಾಮೀನು ಕೊಟ್ಟಿತು. ಗಾಂಜಾ 400 ಗ್ರಾಂ ಮಾತ್ರ, ಸಣ್ಣ ಪ್ರಮಾಣ.

ಕೋರ್ಟಿನ ಮಾತು ಸರಿಯೇ. ಆದರೆ ಅಲ್ಲಿಗೆ ತಲುಪುವ ಹೊತ್ತಿಗೆ ಅವನು ವಾರಗಟ್ಟಲೆ ಜೈಲಿನಲ್ಲಿದ್ದ. ಹೈಕೋರ್ಟಿನವರೆಗೆ ವಕೀಲರನ್ನು ಇಡಲಾಗದವನು? ಎಲೆಯನ್ನೂ ಹೂವನ್ನೂ ಬೇರೆ ಮಾಡಿ ನೋಡುವ ಸಹನೆ ರಾತ್ರಿ ಪಾಳಿಯ ಠಾಣೆಯಲ್ಲಿರುವುದಿಲ್ಲ. ಭಾಷೆ ಬಾರದ ಪರಊರಿನ ಹುಡುಗನ ಚೀಲದಲ್ಲಿ ಹಸಿರು ಪುಡಿ ಸಿಕ್ಕರೆ ಅದಕ್ಕೆ ಏನು ಹೆಸರು ಬೀಳುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಹುಚ್ಚಾಸ್ಪತ್ರೆಯ ಹಳೆಯ ಕಾಲಂ ನೆನಪಾಯಿತು. ನಾವು ಕನ್ನಡಿಗರು ಬನಾರಸಿನಲ್ಲಿ ಶಿವರಾತ್ರಿಗೆ ಠಂಡಾಯಿ ಕುಡಿದು ಫೋಟೋ ಹಾಕುತ್ತೇವೆ. ಅದೇ ಊರಿನ ಕಡೆಯವನು ನಮ್ಮೂರಿಗೆ ಬಂದು ಅದನ್ನೇ ಕುಡಿದರೆ ಕೇಸಾಗುತ್ತದೆ. ಕರ್ನಾಟಕದ ಅಬಕಾರಿ ಕಾಯ್ದೆ ಭಂಗಿಯನ್ನೂ ಮಾದಕ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಹಾಗಾಗಿ ಎನ್‌ಡಿಪಿಎಸ್ ತಪ್ಪಿದರೂ ಲೈಸೆನ್ಸಿಲ್ಲದವನಿಗೆ ಪೂರ್ತಿ ಬಿಡುಗಡೆಯಿಲ್ಲ.

ಗಾಂಜಾ ಮುಕ್ತವಾಗಬೇಕು ಎಂಬ ವಾದ ನನ್ನದಲ್ಲ. ಎಂಟೆಕ್ ಹಾಸ್ಟೆಲಿನಲ್ಲಿ ಅದರಿಂದ ಎರಡು ಸೆಮಿಸ್ಟರ್ ಕಳೆದುಕೊಂಡ ಗೆಳೆಯನನ್ನು ನೋಡಿದ್ದೇನೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಈ ಗಿಡವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯಲು ಮತ ಹಾಕಿದಾಗ 27 ದೇಶ ಪರ, 25 ವಿರೋಧ. ಭಾರತ ಪರವಾಗಿ ಮತ ಹಾಕಿತು. ದೇಶದೊಳಗಿನ ಕಾಯ್ದೆ ಮಾತ್ರ ಇದ್ದಲ್ಲೇ ಇದೆ.

ಪ್ರಾಜೆಕ್ಟು ಮುಗಿದು ಹೊರಡುವ ದಿನ ಹುಬ್ಬಳ್ಳಿಯ ಹುಡುಗ ಆ ಸರ್ಕಾರಿ ಅಂಗಡಿಯಿಂದ ಒಂದು ಪೊಟ್ಟಣ ತಂದಿದ್ದ. ಊರಲ್ಲಿ ಗೆಳೆಯರಿಗೆ ತೋರಿಸಲಂತೆ. “ಸರ್ಕಾರಿ ಅಂಗಡೀದು ಅಲ್ರೀ ಸರ್, ಬಿಲ್ ಸೈತ ಐತಿ,” ಅಂದ. ದಾರಿಯಲ್ಲಿ ಎಷ್ಟು ರಾಜ್ಯ ಬರುತ್ತವೆ ಎಣಿಸು ಅಂದೆ. ಮಧ್ಯಪ್ರದೇಶ, ಮಹಾರಾಷ್ಟ್ರ ಅಂತ ಬೆರಳು ಮಡಚುತ್ತಾ ನಿಂತ. ಆಮೇಲೆ ಪೊಟ್ಟಣವನ್ನು ಹೋಟೆಲಿನ ವಾಚ್‌ಮನ್‌ಗೆ ಕೊಟ್ಟ. ವಾಚ್‌ಮನ್ ಅದನ್ನು ಮೂಸಿ ನೋಡಿ, “ಗುರು, ಇದು ಹಳೇ ಮಾಲು, ನಿಮಗೆ ಮೋಸ ಮಾಡಿದಾರೆ,” ಎಂದು ನಗುತ್ತಾ ಜೇಬಿಗೆ ಹಾಕಿಕೊಂಡ. ಗೋಡೆ ಬುಡದ ಗಿಡಗಳನ್ನು ಆ ಬೆಳಿಗ್ಗೆ ಯಾರೋ ಕೊಯ್ದುಹಾಕಿದ್ದರು. ಬುಡಗಳು ಮಾತ್ರ ಇದ್ದವು.